ಪಾಪ ಕ್ಷಮಿಸಿದ ಮೇಲೂ ಬಾಕಿ ಉಳಿಯುತ್ತದೆಯೇ?



ಮೇಣದ ಬತ್ತಿ ಹಚ್ಚಿ, ಹರಕೆ ಒಪ್ಪಿಸಿ, ಪಾಪನಿವೇದನೆ ಮಾಡಿದ ಮೇಲೆ ಮನಸ್ಸು ಹಗುರವಾಗುತ್ತದೆ. ಒಳ್ಳೆಯದೇ. ಆದರೂ ಒಂದು ಪ್ರಶ್ನೆ ಕೇಳಿಕೊಳ್ಳೋಣ. ತಮ್ಮನ ಪಾಲಿನ ಜಮೀನು ನುಂಗಿದವನೊಬ್ಬ ದೇವರಲ್ಲಿ ಅತ್ತು ಕ್ಷಮೆ ಬೇಡಿದ. ದೇವರು ಕ್ಷಮಿಸಿದರು ಅಂತಲೇ ಇಟ್ಟುಕೊಳ್ಳಿ. ಈಗ ಆ ಜಮೀನು ಯಾರದ್ದು?

ಕ್ರೈಸ್ತ ವಿಶ್ವಾಸದಲ್ಲಿ ಪಾಪದಿಂದ ಬಿಡುಗಡೆ ಅನ್ನುವುದು ದೇವರ ಉಚಿತ ಕೊಡುಗೆ. ಕಾಣಿಕೆ, ಉಪವಾಸ, ಯಾತ್ರೆ ಇವುಗಳಿಂದ ಕೊಂಡುಕೊಳ್ಳುವಂಥದ್ದಲ್ಲ. 1517ರಲ್ಲಿ ಮಾರ್ಟಿನ್ ಲೂಥರ್ ಎಬ್ಬಿಸಿದ ವಾದದಿಂದ ಪಶ್ಚಿಮದ ಧರ್ಮಸಭೆಯೇ ಒಡೆದುಹೋಯಿತು. ಆದರೆ 1999ರ ಅಕ್ಟೋಬರ್ 31ರಂದು ಜರ್ಮನಿಯ ಆಗ್ಸ್‌ಬರ್ಗ್ ನಗರದಲ್ಲಿ ಕಥೋಲಿಕ ಧರ್ಮಸಭೆಯವರೂ ಲೂಥರನ್ ವಿಶ್ವ ಒಕ್ಕೂಟದವರೂ ಒಂದೇ ಪತ್ರಕ್ಕೆ ಸಹಿ ಹಾಕಿದರು. ಮನುಷ್ಯನನ್ನು ದೇವರು ಸ್ವೀಕರಿಸುವುದು ಅವನ ಪುಣ್ಯ ನೋಡಿ ಅಲ್ಲ, ತಮ್ಮ ಕೃಪೆಯಿಂದ ಎಂದು ಇಬ್ಬರೂ ಒಪ್ಪಿದರು. ಎಲ್ಲ ಭಿನ್ನಾಭಿಪ್ರಾಯ ತೀರಲಿಲ್ಲ, ಆದರೆ ಈ ಮೂಲ ಮಾತಿನಲ್ಲಿ ಒಂದಾದರು.

ಉಚಿತ ಅಂದ ಮೇಲೆ ನಾವು ಮಾಡಬೇಕಾದ್ದು ಏನೂ ಇಲ್ಲವೇ? ಸಂತ ಲೂಕರ ಶುಭಸಂದೇಶದಲ್ಲಿ ಬರುವ ಇಬ್ಬರನ್ನು ನೋಡೋಣ.

ಒಬ್ಬ, ಯೇಸುಸ್ವಾಮಿಯ ಪಕ್ಕದ ಶಿಲುಬೆಯಲ್ಲಿ ಸಾಯುತ್ತಿದ್ದ ಅಪರಾಧಿ. ಯಾರಿಗೆ ಏನು ಅನ್ಯಾಯ ಮಾಡಿದ್ದನೋ, ಅದನ್ನು ಸರಿಪಡಿಸಲು ಅವನಿಗೆ ಸಮಯವೂ ಇಲ್ಲ, ಕೈಗಳೂ ಇಲ್ಲ. ತನ್ನ ತಪ್ಪು ಒಪ್ಪಿಕೊಂಡು ನೆನಪಿಟ್ಟುಕೊಳ್ಳಿ ಎಂದು ಬೇಡಿದ, ಅಷ್ಟೇ. ಸ್ವಾಮಿ ಆ ದಿನವೇ ಅವನಿಗೆ ಸ್ವರ್ಗದ ಮಾತು ಕೊಟ್ಟರು.

ಇನ್ನೊಬ್ಬ, ಜೆರಿಕೋ ಊರಿನ ಜಕ್ಕಾಯ. ಸುಂಕದವರ ಮುಖ್ಯಸ್ಥ, ಭಾರೀ ಶ್ರೀಮಂತ. ಗಿಡ್ಡ ಆಳು, ಸ್ವಾಮಿಯನ್ನು ನೋಡಲು ಅತ್ತಿಮರ ಹತ್ತಿದ. ಸ್ವಾಮಿ ಅವನನ್ನು ಹೆಸರು ಹಿಡಿದು ಕರೆದು, ಇಂದು ನಿನ್ನ ಮನೆಯಲ್ಲೇ ಇಳಿದುಕೊಳ್ಳುತ್ತೇನೆ ಅಂದರು. ಗಮನಿಸಿ, ಆಗ ಅವನಿನ್ನೂ ಒಂದು ಕಾಸನ್ನೂ ಕೊಡುತ್ತೇನೆ ಅಂದಿರಲಿಲ್ಲ. ಕೃಪೆ ಮೊದಲು ಬಂತು. ಆಮೇಲೆ ಅವನೇ ಎದ್ದು ನಿಂತು, ಆಸ್ತಿಯಲ್ಲಿ ಅರ್ಧ ಬಡವರಿಗೆ, ಮೋಸದಿಂದ ಕಿತ್ತುಕೊಂಡದ್ದಕ್ಕೆ ನಾಲ್ಕರಷ್ಟು ವಾಪಸ್ ಎಂದು ಹೇಳಿದ. ತಪ್ಪೊಪ್ಪಿಕೊಂಡವನು ಅಸಲಿನ ಜೊತೆಗೆ ಐದನೇ ಒಂದು ಪಾಲು ಸೇರಿಸಿ ಕೊಟ್ಟರೆ ಸಾಕು ಎಂದು ಮೋಶೆಯ ಧರ್ಮಶಾಸ್ತ್ರದ ಸಂಖ್ಯಾಕಾಂಡ ಹೇಳುತ್ತದೆ. ಇವನು ಲೆಕ್ಕ ನೋಡಲಿಲ್ಲ.

ಇವರಿಬ್ಬರನ್ನೂ ಒಟ್ಟಿಗೆ ಇಟ್ಟು ನೋಡಿದರೆ ವಿಷಯ ತಿಳಿಯಾಗುತ್ತದೆ. ವಾಪಸ್ ಕೊಡುವುದು ಕ್ಷಮೆಯ ಬೆಲೆಯಾಗಿದ್ದರೆ ಶಿಲುಬೆಯ ಮೇಲಿದ್ದವನಿಗೆ ದಾರಿಯೇ ಇರುತ್ತಿರಲಿಲ್ಲ. ಕೊಡುವ ಅಗತ್ಯವೇ ಇಲ್ಲದಿದ್ದರೆ ಜಕ್ಕಾಯ ಹಾಗೆ ಎದ್ದು ನಿಲ್ಲುತ್ತಿರಲಿಲ್ಲ. ಬಿಡುಗಡೆ ಅಂದರೆ ಶಿಕ್ಷೆ ತಪ್ಪಿತು ಅಂತಷ್ಟೇ ಅಲ್ಲ, ಪಾಪದ ಹಿಡಿತ ಸಡಿಲವಾಯಿತು ಅಂತ. ನುಂಗಿದ್ದನ್ನು ಮುಷ್ಟಿಯಲ್ಲೇ ಬಿಗಿಹಿಡಿದುಕೊಂಡವನು ಯಾವುದರಿಂದ ಬಿಡುಗಡೆಯಾದ? ದೇವರು ಅಣ್ಣನ ಪಾಪ ಕ್ಷಮಿಸುತ್ತಾರೆ ನಿಜ, ಆದರೆ ತಮ್ಮನ ಜಮೀನನ್ನು ಅಣ್ಣನ ಹೆಸರಿಗೆ ಬರೆದುಕೊಡುವುದಿಲ್ಲ. ಪಾಪ ಕ್ಷಮಿಸಲ್ಪಟ್ಟರೂ ಅದು ಮಾಡಿದ ಹಾನಿಯನ್ನು ಕೈಲಾದಷ್ಟು ಸರಿಪಡಿಸಬೇಕು, ಕದ್ದದ್ದನ್ನು ಹಿಂದಿರುಗಿಸಬೇಕು ಎಂದು 1992ರ ಕಥೋಲಿಕ ಧರ್ಮೋಪದೇಶವೂ ತಿಳಿಸುತ್ತದೆ.

ಕೆಲವರಿಗೆ ಇದು ಕಷ್ಟ. ಮೋಸಹೋದವರು ತೀರಿಹೋಗಿರಬಹುದು, ಹಣ ಕರಗಿಹೋಗಿರಬಹುದು. ಅಂಥವರು ಎದೆಗುಂದಬೇಡಿ. ವಾರಸುದಾರರಿದ್ದರೆ ಅವರಿಗೆ, ಇಲ್ಲದಿದ್ದರೆ ಬಡವರಿಗೆ, ಕೈಲಾದಷ್ಟು ಕೊಡಿ. ಮಿಕ್ಕದ್ದನ್ನು ಆ ಶಿಲುಬೆಯ ಮೇಲಿನವನ ಹಾಗೆ ದೇವರ ಕರುಣೆಗೆ ಒಪ್ಪಿಸಿ. ಆದರೆ ಕೊಡಲು ಕೈಯೂ ಇದೆ, ಕೊಡಬೇಕಾದವರ ಮನೆಯೂ ಗೊತ್ತಿದೆ ಅನ್ನುವವರು ತಡಮಾಡಬಾರದು. ಪೂಜಾಪೀಠದ ಮುಂದೆ ಕಾಣಿಕೆ ಬಿಟ್ಟು, ಮೊದಲು ಹೋಗಿ ಸಹೋದರನೊಡನೆ ರಾಜಿಯಾಗು ಎಂದು ಕಲಿಸಿದವರು ಯೇಸುಸ್ವಾಮಿಯೇ.

ದೇವರು ನಿಮಗೂ, ನೀವು ಬಾಕಿ ಉಳಿಸಿಕೊಂಡವರಿಗೂ ಸಮಾಧಾನ ಕೊಡಲಿ.