ಐದು ವರ್ಷ ಕಾಯಬೇಕಾದ ಚಾಕು



ಈ ಪುಟಕ್ಕೆ ಬರುವ ಪತ್ರಗಳಲ್ಲಿ ಹೆಚ್ಚಿನವು ಮಕ್ಕಳ ಮದುವೆ, ಗಂಡನ ಕುಡಿತ, ಅತ್ತೆ ಸೊಸೆಯರ ಮುನಿಸು ಇವುಗಳನ್ನು ಕುರಿತವು. ಕಳೆದ ತಿಂಗಳು ಬಂದ ಒಂದು ಪತ್ರ ಚಾಕುವನ್ನು ಕುರಿತದ್ದು. ಬರೆದವರು ನಮ್ಮ ಮಲೆನಾಡಿನ ಕಾಫಿ ಸೀಮೆಯಲ್ಲಿ ಹುಟ್ಟಿ ಬೆಳೆದು, ಮೂವತ್ತು ವರ್ಷಗಳಿಂದ ಅಮೆರಿಕದ ಫ್ಲಾರಿಡಾದಲ್ಲಿ ನೆಲೆಸಿರುವ ಒಬ್ಬ ಹಿರಿಯರು. ಅವರ ಒಪ್ಪಿಗೆ ಪಡೆದು, ಗುರುತು ಸಿಗದ ಹಾಗೆ ವಿಷಯವನ್ನಷ್ಟೇ ಇಲ್ಲಿ ಎತ್ತಿಕೊಂಡಿದ್ದೇನೆ.

ಅಲ್ಲಿ ಕೈಯಿಂದಲೇ ಚಾಕು ಮಾಡಿಕೊಡುವ ಕುಶಲಕರ್ಮಿಗಳಿದ್ದಾರೆ. ಗಿರಾಕಿಯ ಅಂಗೈ ಅಳತೆ ಕೇಳಿ, ಅಲಗು ಎಷ್ಟು ಉದ್ದ, ಹಿಡಿ ಯಾವ ಮರದ್ದು ಎಂದು ಬರೆದುಕೊಂಡು ಒಂದೊಂದಾಗಿ ಮಾಡುತ್ತಾರೆ. ಅಂಥ ಒಬ್ಬರ ಬಳಿ ಹೆಸರು ಬರೆಸಬೇಕೆಂದು ಈ ಹಿರಿಯರಿಗೆ ಬಹಳ ದಿನಗಳ ಆಸೆ. ಮುಂಗಡ ಕಟ್ಟಬೇಕು. ಕಟ್ಟಿದ ಮೇಲೆ ಸರದಿ ಬರುವುದಕ್ಕೆ ಐದು ವರ್ಷ. ಇವರಿಗೆ ಈಗ ಅರವತ್ತೇಳು. ಎರಡು ವರ್ಷದ ಹಿಂದೆ ಹೃದಯದ ಶಸ್ತ್ರಚಿಕಿತ್ಸೆ ಆಗಿದೆ. ಹೆಂಡತಿ ಒಂದೇ ಮಾತು ಕೇಳಿದರಂತೆ: “ಅದು ಬಂದ ದಿನ ಬಾಗಿಲು ತೆಗೆಯುವವರು ಯಾರು?” ಅಂದಿನಿಂದ ಇವರಿಗೆ ನಿದ್ದೆ ಸರಿಯಾಗಿಲ್ಲ. ಸ್ವಾಮಿ, ಇದು ದುರಾಶೆಯ ಪಾಪವೇ, ಹೆಸರು ಕೊಡಲೇ ಬಿಡಲೇ ಎಂದು ಕೇಳಿದ್ದಾರೆ.

ಪತ್ರದ ಕೊನೆಗೆ, ಸಹಿಗಿಂತ ಸ್ವಲ್ಪ ಮೇಲೆ, ಇನ್ನೊಂದು ವಿಷಯವಿದೆ. ಅವರ ತಂದೆಯವರ ಬಳಿ ಒಂದು ಕವಾತು ಕತ್ತಿ ಇತ್ತು. ಊರಿನ ಕಮ್ಮಾರ ಮಾಡಿಕೊಟ್ಟದ್ದು. ಅದರ ಹಿಡಿ ತಂದೆಯ ಕೈಗೆ ಸವೆದು ನುಣುಪಾಗಿತ್ತು. ಆಸ್ತಿ ಪಾಲಾದಾಗ ತೋಟದ ಜೊತೆ ಅದೂ ಅಣ್ಣನ ಪಾಲಿಗೆ ಹೋಯಿತು. ಕೇಳಿದಾಗ ಅಣ್ಣ ಕೊಡಲಿಲ್ಲ. ಮಾತು ಬೆಳೆಯಿತು. ಹನ್ನೊಂದು ವರ್ಷಗಳಿಂದ ಅಣ್ಣತಮ್ಮಂದಿರ ನಡುವೆ ಮಾತಿಲ್ಲ. “ಅಂಥದ್ದೇ ಒಂದು ನನ್ನ ಕೈಯಲ್ಲಿರಬೇಕು ಎನ್ನಿಸುತ್ತದೆ” ಎಂದು ಬರೆದು ಸಹಿ ಹಾಕಿದ್ದಾರೆ.

ಮೊದಲು ಚಾಕುವಿನ ಮಾತನ್ನು ಮುಗಿಸೋಣ. ಒಂದು ಚಾಕುವಿಗೆ ಐದು ವರ್ಷವೇ ಎಂದು ನಮ್ಮಲ್ಲಿ ಅನೇಕರು ನಕ್ಕಾರು. ಸಂತೆಯಲ್ಲಿ ಬೆಳಿಗ್ಗೆ ಕೊಂಡ ಚಾಕುವಿನಲ್ಲಿ ಮಧ್ಯಾಹ್ನ ಈರುಳ್ಳಿ ಹೆಚ್ಚುವವರು ನಾವು. ಆದರೆ ಅಮೆರಿಕದಲ್ಲಿ ಈ ಕಾಯುವಿಕೆಗೆ ಹಳೆಯ ಇತಿಹಾಸವಿದೆ. ಅದೇ ಫ್ಲಾರಿಡಾದ ಒರ್ಲ್ಯಾಂಡೊದಲ್ಲಿ ಕಿತ್ತಳೆ ತೋಟಗಳಿದ್ದ ಬೋ ರ‍್ಯಾಂಡಾಲ್ ಎಂಬವರು 1930ರ ದಶಕದಲ್ಲಿ ಮಿಷಿಗನ್ ರಾಜ್ಯದ ಸರೋವರವೊಂದರ ಬಳಿ ರಜೆಯಲ್ಲಿದ್ದಾಗ, ಒಬ್ಬಾತ ಚಾಕುವಿನಿಂದ ದೋಣಿಯ ಬಣ್ಣ ಕೆರೆಯುತ್ತಿದ್ದುದನ್ನು ಕಂಡರು. ಅಷ್ಟು ಒರಟು ಕೆಲಸ ಮಾಡಿದರೂ ಅಲಗು ಕೆಟ್ಟಿರಲಿಲ್ಲ. ಅದು ಬಿಲ್ ಸ್ಕೇಗಲ್ ಎಂಬ ಕುಶಲಕರ್ಮಿಯ ಕೈಯ ಚಾಕು. ರ‍್ಯಾಂಡಾಲ್ ಅದನ್ನು ಕೊಂಡು ತಂದು, ನೋಡಿ ನೋಡಿ ತಾವೇ ಮಾಡಲು ಕಲಿತರು. ಎರಡನೇ ಮಹಾಯುದ್ಧದ ಕಾಲದಲ್ಲಿ ಸೈನಿಕರು ಅವರ ಚಾಕುಗಳಿಗಾಗಿ ಮುಗಿಬಿದ್ದರು. ಮುಂದೆ ಅವರ ಕುಲುಮೆಯಿಂದ ಒಂದು ಚಾಕು ಬರಲು ನಾಲ್ಕೈದು ವರ್ಷ ಕಾಯಬೇಕಾದ ಕಾಲವೂ ಬಂತು.

1950ರ ದಶಕದ ಆರಂಭದಲ್ಲಿ ರಾಬರ್ಟ್ ಲವ್‌ಲೆಸ್ ಎಂಬ ಹಡಗು ಕೆಲಸದ ಯುವಕ ನ್ಯೂಯಾರ್ಕಿನ ಒಂದು ದೊಡ್ಡ ಅಂಗಡಿಗೆ ಹೋಗಿ ರ‍್ಯಾಂಡಾಲ್ ಚಾಕು ಕೇಳಿದ. ಒಂಬತ್ತು ತಿಂಗಳು ಕಾಯಬೇಕು ಎಂದರು. ಹುಡುಗನಿಗೆ ಸಹನೆ ಇರಲಿಲ್ಲ. ಗುಜರಿಯಿಂದ ಹಳೆಯ ಮೋಟಾರಿನ ಸ್ಪ್ರಿಂಗ್ ಪಟ್ಟಿ ತಂದು, ಹಡಗಿನ ಅಡಿಗೆಮನೆಯ ಒಲೆಯಲ್ಲಿ ಕಾಯಿಸಿ ತಾನೇ ಒಂದು ಚಾಕು ಬಡಿದುಕೊಂಡ. ಆಮೇಲೆ ಅದೇ ಅಂಗಡಿ ಆತನ ಚಾಕುಗಳನ್ನು ಮಾರಿತು. 2010ರಲ್ಲಿ ತೀರಿಕೊಳ್ಳುವ ಹೊತ್ತಿಗೆ ಲವ್‌ಲೆಸ್ ಆ ವೃತ್ತಿಯ ದೊಡ್ಡ ಹೆಸರು. ಒಂಬತ್ತು ತಿಂಗಳು ಕಾಯಲಾರದ ಆ ಮನುಷ್ಯನ ಬಾಗಿಲಲ್ಲಿ ಜನ ವರ್ಷಗಟ್ಟಲೆ ಕಾದರು!

ಯಾಕೆ ಇಷ್ಟು ಕಾಲ? ಒಬ್ಬ ಮನುಷ್ಯನಿಗೆ ಇರುವುದು ಎರಡೇ ಕೈ. ಸಿರಾಖನ ಗ್ರಂಥದ 38ನೇ ಅಧ್ಯಾಯವನ್ನು ಈ ಭಾನುವಾರ ಪೂಜೆಯಿಂದ ಬಂದ ಮೇಲೆ ಒಮ್ಮೆ ತೆರೆದು ನೋಡಿ. ಅಡಿಗಲ್ಲಿನ ಪಕ್ಕ ಕುಳಿತ ಕಮ್ಮಾರನನ್ನು ಅಲ್ಲಿ ಎಷ್ಟು ಹತ್ತಿರದಿಂದ ಚಿತ್ರಿಸಿದ್ದಾರೆ! ಬೆಂಕಿಯ ಝಳಕ್ಕೆ ಅವನ ಮೈ ಸೊರಗುತ್ತದೆ, ಸುತ್ತಿಗೆಯ ಸದ್ದು ಕಿವಿ ತುಂಬುತ್ತದೆ, ಕಣ್ಣು ಮಾತ್ರ ಮಾದರಿಯ ಮೇಲೆ ನೆಟ್ಟಿರುತ್ತದೆ, ಕೆಲಸ ನಯವಾಗಿ ಮುಗಿಯುವವರೆಗೆ ಅವನಿಗೆ ನಿದ್ದೆಯಿಲ್ಲ. ಇಂಥವರು ಸಭೆಯಲ್ಲಿ ಮೇಲಿನ ಆಸನದಲ್ಲಿ ಕೂರುವವರಲ್ಲ, ಆದರೆ ಇವರಿಲ್ಲದೆ ಊರು ನಿಲ್ಲದು, ಇವರ ಕಸುಬೇ ಇವರ ಪ್ರಾರ್ಥನೆ ಎಂಬ ಅರ್ಥ ಅಲ್ಲಿದೆ. ಜಗದ್ಗುರು ಎರಡನೇ ಜಾನ್ ಪಾಲರು 1981ರಲ್ಲಿ ದುಡಿಮೆಯ ಬಗ್ಗೆ ಬರೆದ ವಿಶ್ವಪತ್ರದಲ್ಲಿಯೂ ಮಾಡಿದ ವಸ್ತುವಿಗಿಂತ ಮಾಡುವ ಮನುಷ್ಯ ದೊಡ್ಡವನು ಎಂದು ಒತ್ತಿ ಹೇಳಿದ್ದಾರೆ. ಕೆಲಸಗಾರನನ್ನು ಅವಸರಪಡಿಸದೆ, ಅವನ ಬೆವರಿಗೆ ತಕ್ಕ ಹಣ ಕೊಟ್ಟು ಕಾಯುವವನು ಆ ಮನುಷ್ಯನಿಗೆ ಗೌರವ ಕೊಟ್ಟಂತೆಯೇ ಆಯಿತು. ಈ ಮಾತನ್ನು ದರ್ಜಿಯ ಬಳಿ ಹಬ್ಬದ ಹಿಂದಿನ ದಿನ ಕೂಗಾಡುವ ನಮ್ಮವರೂ ಕೇಳಿಸಿಕೊಳ್ಳಬೇಕು.

ಲೋಹ ಕೆಲಸದವರ ಪಾಲಕ ಸಂತ ಎಲಿಜಿಯುಸರು ಏಳನೇ ಶತಮಾನದ ಫ್ರಾನ್ಸಿನ ಅಕ್ಕಸಾಲಿ. ಒಂದು ಸಿಂಹಾಸನಕ್ಕೆಂದು ಅರಸ ಕೊಟ್ಟ ಚಿನ್ನದಲ್ಲಿ ಎರಡು ಸಿಂಹಾಸನ ಮಾಡಿ ಒಪ್ಪಿಸಿದರೆಂದು ಅವರ ಚರಿತ್ರೆಯಲ್ಲಿದೆ. ಗಳಿಸಿದ ಹಣದಿಂದ ಗುಲಾಮರನ್ನು ಬಿಡಿಸಿದರು, ಕಡೆಗೆ ಧರ್ಮಾಧ್ಯಕ್ಷರಾದರು. ಡಿಸೆಂಬರ್ 1ರಂದು ಅವರ ಹಬ್ಬ. ಒಳ್ಳೆಯ ಕೈಕೆಲಸವನ್ನು ಮೆಚ್ಚುವುದು ಲೌಕಿಕವಾದ ದುರ್ಬುದ್ಧಿ ಎಂದು ಧರ್ಮಸಭೆ ಎಂದೂ ಹೇಳಿಲ್ಲ.

ಆದುದರಿಂದ ಆ ಹಿರಿಯರ ಮೊದಲ ಪ್ರಶ್ನೆಗೆ ಉತ್ತರ ಸುಲಭ. ಹತ್ತನೇ ಕಟ್ಟಳೆ ನಿಷೇಧಿಸುವುದು ಪರರ ಸೊತ್ತಿನ ಮೇಲಿನ ಆಸೆಯನ್ನು, ಅಳತೆ ಮೀರಿದ ಆಸೆಯನ್ನು. ಇಲ್ಲದ ಒಳ್ಳೆಯ ವಸ್ತುವನ್ನು ಬಯಸುವುದು ಸ್ವತಃ ಕೆಟ್ಟದ್ದಲ್ಲವೆಂದು 1992ರಲ್ಲಿ ಪ್ರಕಟವಾದ ಧರ್ಮಸಭೆಯ ಧರ್ಮೋಪದೇಶ ಗ್ರಂಥವೂ ಕಲಿಸುತ್ತದೆ. ಮನೆಗೆ ಸಾಲವಿಲ್ಲ, ಹೆಂಡತಿಯ ಔಷಧಿಗೆ ಕೊರತೆಯಿಲ್ಲ, ಬಡವರ ಪಾಲು ತಪ್ಪಿಲ್ಲ ಎಂದಾದರೆ ಚಾಕು ಕೊಳ್ಳುವುದರಲ್ಲಿ ಪಾಪನಿವೇದನೆ ಮಾಡುವಂಥದ್ದು ಏನೂ ಇಲ್ಲ.

ಕಷ್ಟವಿರುವುದು ಐದು ವರ್ಷದಲ್ಲಿ. ಸಂತ ಲೂಕರ ಶುಭಸಂದೇಶದ 12ನೇ ಅಧ್ಯಾಯದಲ್ಲಿ ಮೂರ್ಖ ಧನಿಕನ ಸಾಮತಿ ನಮಗೆಲ್ಲ ಗೊತ್ತು. ಬೆಳೆ ಹೆಚ್ಚಾಯಿತು, ಕಣಜ ಕೆಡವಿ ದೊಡ್ಡದು ಕಟ್ಟಿಸುತ್ತೇನೆ, ಬಹಳ ವರ್ಷ ಸುಖವಾಗಿರುತ್ತೇನೆ ಎಂದುಕೊಂಡವನ ಪ್ರಾಣ ಆ ರಾತ್ರಿಯೇ ಹೋಗುವುದಿತ್ತು. ಅವನು ಕದ್ದವನಲ್ಲ, ಸುಳ್ಳು ಲೆಕ್ಕ ಬರೆದವನಲ್ಲ. ತನ್ನದಲ್ಲದ ವರ್ಷಗಳನ್ನು ತನ್ನವೆಂದು ಎಣಿಸಿಕೊಂಡ, ಅಷ್ಟೆ. ಸಂತ ಯಕೋಬರೂ ತಮ್ಮ ಪತ್ರದಲ್ಲಿ ನಾಳೆ ಆ ಪಟ್ಟಣಕ್ಕೆ ಹೋಗಿ ವ್ಯಾಪಾರ ಮಾಡುತ್ತೇವೆ ಎನ್ನುವವರಿಗೆ, ದೇವರ ಚಿತ್ತವಿದ್ದರೆ ಎಂಬ ಮಾತು ಸೇರಿಸಿಕೊಳ್ಳಿ ಎಂದು ಬುದ್ಧಿ ಹೇಳುತ್ತಾರೆ. ಹಾಗೆಂದು ಅರವತ್ತೇಳು ವಯಸ್ಸಿನವನು ಮುಂದಿನದನ್ನು ಯೋಚಿಸಬಾರದೇ? ಹಾಗೇನಿಲ್ಲ. ಎಪ್ಪತ್ತರ ಮುದುಕ ತೆಂಗಿನ ಸಸಿ ನೆಟ್ಟರೆ ನಾವು ಅವನನ್ನು ಮೂರ್ಖನೆನ್ನುವುದಿಲ್ಲ. ಎಳನೀರು ಮೊಮ್ಮಗ ಕುಡಿಯುತ್ತಾನೆ ಎಂಬುದು ಅವನಿಗೆ ಗೊತ್ತು. ಆ ಧನಿಕನ ಮಾತಿನಲ್ಲಾದರೋ ತಾನೊಬ್ಬನನ್ನು ಬಿಟ್ಟು ಬೇರೆ ಯಾರೂ ಇಲ್ಲ. ನನ್ನ ಬೆಳೆ, ನನ್ನ ಕಣಜ, ನನ್ನ ಸುಖ.

ಆದರೆ ಈ ಸಾಮತಿಯನ್ನು ಯೇಸುಸ್ವಾಮಿ ಹೇಳಿದ್ದು ಯಾಕೆ ಎಂಬುದನ್ನು ನಾವು ಅನೇಕ ವೇಳೆ ಮರೆಯುತ್ತೇವೆ. ಪ್ರಬೋಧನೆ ಮಾಡುವಾಗ ನಾವು ಗುರುಗಳೂ ಅವಸರದಲ್ಲಿ ಅದನ್ನು ದಾಟಿಬಿಡುತ್ತೇವೆ. ಜನರ ಗುಂಪಿನಿಂದ ಒಬ್ಬ ಎದ್ದು, ಪಿತ್ರಾರ್ಜಿತ ಆಸ್ತಿಯಲ್ಲಿ ನನಗೆ ಪಾಲು ಕೊಡುವಂತೆ ನನ್ನ ಅಣ್ಣನಿಗೆ ಹೇಳಿ ಎಂದು ಕೇಳಿಕೊಂಡಿದ್ದ. ಸ್ವಾಮಿ ಪಾಲುಗಾರನಾಗಲು ಒಪ್ಪಲಿಲ್ಲ. ಕೇಳಿದವನ ಕಡೆ ನ್ಯಾಯ ಇತ್ತೋ ಇಲ್ಲವೋ ಎಂಬ ಮಾತನ್ನೂ ಆಡಲಿಲ್ಲ. ನ್ಯಾಯ ಇದ್ದಿರಲೂಬಹುದು. ಅದನ್ನು ಬಿಟ್ಟು ಲೋಭದ ವಿಷಯದಲ್ಲಿ ಎಚ್ಚರವಾಗಿರಿ ಎಂದು ಹೇಳಿ ಈ ಕತೆ ಹೇಳಿದರು. ಅಣ್ಣತಮ್ಮಂದಿರ ಪಾಲಿನ ಜಗಳದಿಂದ ಹುಟ್ಟಿದ ಕತೆ ಇದು.

ಫ್ಲಾರಿಡಾದ ಆ ಪತ್ರವನ್ನು ಮತ್ತೆ ಓದಿದಾಗ ನನಗೆ ಇದೇ ಕಂಡಿತು. ಅದರಲ್ಲಿ ಕಾಯುವುದರ ಲೆಕ್ಕ ಎರಡಿದೆ. ಚಾಕುವಿಗೆ ಐದು ವರ್ಷ ಹೆಚ್ಚಾಯಿತೇ ಎಂಬುದು ಒಂದು. ಅದನ್ನು ಅವರು ನಾಲ್ಕು ಪುಟ ಬರೆದಿದ್ದಾರೆ. ಅಣ್ಣನ ಜೊತೆ ಮಾತು ನಿಂತು ಹನ್ನೊಂದು ವರ್ಷವಾದದ್ದು ಇನ್ನೊಂದು. ಅದಕ್ಕೆ ಎರಡು ಸಾಲು. ಹೆಂಡತಿ ಕೇಳಿದ ಪ್ರಶ್ನೆ ಚಾಕುವಿಗೆ ಎಷ್ಟು ಹೊಂದುತ್ತದೋ ಆ ಎರಡು ಸಾಲಿಗೂ ಅಷ್ಟೇ ಹೊಂದುತ್ತದೆ. ಅಣ್ಣನಿಗೂ ವಯಸ್ಸಾಗಿದೆ.

ಸಂತ ಇಗ್ನಾಸಿಯವರು ಯೋಧರಾಗಿದ್ದವರು. 1522ರ ಮಾರ್ಚ್ ತಿಂಗಳಲ್ಲಿ ಮೊಂಟ್‌ಸೆರಾಟ್ ಬೆಟ್ಟದ ಮಾತೆಯ ದೇವಾಲಯದಲ್ಲಿ ರಾತ್ರಿಯಿಡೀ ಜಾಗರಣೆ ಮಾಡಿ, ತಮ್ಮ ಖಡ್ಗವನ್ನೂ ಬಾಕನ್ನೂ ಅಲ್ಲಿ ಕಾಣಿಕೆಯಾಗಿ ಬಿಟ್ಟು ಹೊರಟರು. ಆಯುಧದ ಮೋಹ ಏನೆಂದು ಅವರಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ನಿರ್ಧಾರ ಮಾಡಲು ತಿಳಿಯದವರಿಗೆ ಅವರು ತಮ್ಮ ಆಧ್ಯಾತ್ಮಿಕ ಸಾಧನೆಯಲ್ಲಿ ಕೊಟ್ಟಿರುವ ಉಪಾಯಗಳಲ್ಲಿ ಎರಡು ಇಲ್ಲಿಗೆ ಸಲ್ಲುತ್ತವೆ. ನೀವು ಎಂದೂ ಕಾಣದ ಒಬ್ಬ ಮನುಷ್ಯ ಇದೇ ಪ್ರಶ್ನೆ ತಂದರೆ, ಅವನ ಹಿತ ಬಯಸಿ ಏನು ಹೇಳುತ್ತಿದ್ದಿರಿ ಎಂದು ನೋಡಿಕೊಳ್ಳುವುದು ಒಂದು. ನಿಮ್ಮ ಮರಣದ ಗಳಿಗೆಯಲ್ಲಿ ನಿಂತು, ಆಗ ಯಾವುದನ್ನು ಮಾಡಿದ್ದರೆ ಚೆನ್ನಾಗಿತ್ತು ಎನ್ನಿಸೀತು ಎಂದು ನೋಡುವುದು ಮತ್ತೊಂದು. ಆ ಗಳಿಗೆಯಲ್ಲಿ ಚಾಕು ಸಿಗಲಿಲ್ಲವಲ್ಲ ಎಂದು ಯಾರೂ ಮರುಗಲಾರರು. ಕೊಂಡುಬಿಟ್ಟೆನಲ್ಲ ಎಂದು ಕೂಡ ಬಹುಶಃ ಮರುಗಲಾರರು. ಅಣ್ಣನ ವಿಷಯ ಹಾಗಲ್ಲ.

ಚಾಕು ಮಾಡುವವರ ಒಂದು ಕೆಲಸವನ್ನು ಇಲ್ಲಿ ಹೇಳಬೇಕು. ಅಲಗನ್ನು ಸುಮಾರು 800 ಡಿಗ್ರಿ ಸೆಲ್ಸಿಯಸ್‌ವರೆಗೆ ಕೆಂಪಗೆ ಕಾಯಿಸಿ ಎಣ್ಣೆಯಲ್ಲಿ ಅದ್ದುತ್ತಾರೆ. ಉಕ್ಕು ಆಗ ಬಹಳ ಗಡುಸಾಗುತ್ತದೆ. ಆದರೆ ಗಾಜಿನಂತೆ ಪೆಡಸು, ಕೈಜಾರಿ ಕಲ್ಲಿನ ಮೇಲೆ ಬಿದ್ದರೆ ಮುರಿದೀತು. ಅದನ್ನು ಅಷ್ಟಕ್ಕೇ ಬಿಡದೆ ಮತ್ತೆ 200 ಡಿಗ್ರಿಯ ಆಸುಪಾಸಿನ ಮಂದ ಶಾಖದಲ್ಲಿ ಒಂದೆರಡು ಗಂಟೆ ಇಡುತ್ತಾರೆ. ಗಡುಸುತನ ಸ್ವಲ್ಪ ಇಳಿಯುತ್ತದೆ, ಅದಕ್ಕೆ ಬದಲಾಗಿ ಮುರಿಯದ ಗುಣ ಬರುತ್ತದೆ. ನಮ್ಮ ಕಮ್ಮಾರರು ಇದನ್ನು ಹದ ಕೊಡುವುದು ಎನ್ನುತ್ತಾರೆ. ಪಾಲಿನ ದಿನ ಅಣ್ಣನೂ ಕೆಂಪಗೆ ಕಾದಿದ್ದರು, ತಮ್ಮನೂ ಕಾದಿದ್ದರು, ಇಬ್ಬರೂ ಒಮ್ಮೆಲೇ ತಣ್ಣಗಾಗಿ ಗಡುಸಾದರು. ಹನ್ನೊಂದು ವರ್ಷದಲ್ಲಿ ಮಂದ ಶಾಖ ಕೊಡುವವರು ಮಾತ್ರ ಯಾರೂ ಬರಲಿಲ್ಲ.

ಹೆಸರು ಕೊಡಲೇ ಬಿಡಲೇ ಎಂದು ಕೇಳಿದ ಹಿರಿಯರೇ, ನನ್ನ ಅಭಿಪ್ರಾಯ ಹೀಗೆ. ನಿಮ್ಮ ಮನೆಯವರೊಂದಿಗೆ ಕುಳಿತು ಲೆಕ್ಕ ನೋಡಿ. ಆ ಹಣ ಇಬ್ಬರದು, ಅವರು ಒಪ್ಪಬೇಕು. ಒಪ್ಪಿದರೆ ಹೆಸರು ಕೊಡಿ. ಸರದಿ ಬರುವ ಹೊತ್ತಿಗೆ ನೀವಿಲ್ಲದಿದ್ದರೆ ಚಾಕು ಯಾರಿಗೆ ಸೇರಬೇಕೆಂದು ಒಂದು ಕಾಗದದಲ್ಲಿ ಬರೆದಿಡಿ. ಬರೆಯಲು ಒಂದು ಹೆಸರೂ ಹೊಳೆಯದಿದ್ದರೆ ಮಾತ್ರ ಇನ್ನೊಮ್ಮೆ ಯೋಚಿಸಿ.

ಆದರೆ ಅದಕ್ಕೂ ಮೊದಲು ಅಣ್ಣನಿಗೆ ಪತ್ರ ಬರೆಯಿರಿ. ಫೋನು ಮಾಡಿದರೆ ಹಳೆಯ ಮಾತು ಏಳುವ ಭಯವಿದ್ದರೆ ಕಾಗದವೇ ಒಳ್ಳೆಯದು. ಕಾಣಿಕೆಯನ್ನು ಪೀಠದ ಮುಂದೆಯೇ ಬಿಟ್ಟು ಮೊದಲು ಸೋದರನೊಡನೆ ಸಂಧಾನ ಮಾಡಿಕೊ ಎಂದವರು ಸ್ವಾಮಿ. ಅವರು ನ್ಯಾಯ ಯಾರ ಕಡೆ ಎಂದು ಅಲ್ಲಿಯೂ ಕೇಳಲಿಲ್ಲ. ಪತ್ರದಲ್ಲಿ ಕವಾತು ಕತ್ತಿಯ ಹೆಸರೆತ್ತಬೇಡಿ. ಅತ್ತಿಗೆಯ ಆರೋಗ್ಯ ಕೇಳಿ, ಈ ಸಲ ಹೂಮಳೆ ಹೇಗಾಯಿತು ಎಂದು ಕೇಳಿ, ನಿಮ್ಮ ಶಸ್ತ್ರಚಿಕಿತ್ಸೆಯ ಸುದ್ದಿ ತಿಳಿಸಿ. ಅವರಿಗೆ ಅದು ಇನ್ನೂ ಗೊತ್ತಿಲ್ಲದಿರಬಹುದು. ತಂದೆಯವರ ವಾರ್ಷಿಕ ಪೂಜೆಗೆ ನಿಮ್ಮ ಪಾಲಿನ ಕಾಣಿಕೆಯನ್ನು ಅಣ್ಣನ ಕೈಗೇ ಕಳುಹಿಸಿ, ನೇರವಾಗಿ ಧರ್ಮಕೇಂದ್ರಕ್ಕೆ ಬೇಡ.

ಅಲ್ಲಿಂದ ಕಾಗದ ಊರು ತಲುಪಲು ಎರಡು ಮೂರು ವಾರ ಹಿಡಿದೀತು. ಉತ್ತರ ಬರಲು ಇನ್ನೂ ಹೆಚ್ಚು ದಿನ ಬೇಕಾಗಬಹುದು, ಹನ್ನೊಂದು ವರ್ಷದ ಮೇಲೆ ಪೆನ್ನು ಹಿಡಿಯುವುದು ಅಣ್ಣನಿಗೂ ಸುಲಭವಲ್ಲ. ಮುಂಗಡದ ಹಣ ಅಲ್ಲಿಯವರೆಗೆ ಬ್ಯಾಂಕಿನಲ್ಲೇ ಇರಲಿ.