ಲೆಕ್ಕಕ್ಕೆ ಸಿಗದ ಖರ್ಚು

ತಾವೇ ಮುಂದೆ ನಿಂತು ಮನೆ ಕಟ್ಟಿಕೊಳ್ಳುವವರು ಸ್ಲ್ಯಾಬಿನ ಖರ್ಚನ್ನು ಲೆಕ್ಕ ಹಾಕುವ ರೀತಿ ಬಳ್ಳಾರಿಯಲ್ಲೂ ಒಂದೇ, ಸಿರುಗುಪ್ಪ, ಕುರುಗೋಡಿನಲ್ಲೂ ಒಂದೇ. 20×30 ಅಡಿಯ ಛಾವಣಿ, ಐದು ಇಂಚು ದಪ್ಪ. ಒಟ್ಟು 250 ಘನ ಅಡಿ, ಅಂದರೆ ಏಳು ಘನ ಮೀಟರಿಗೆ ತುಸು ಹೆಚ್ಚು. ಒಂದು ಪಾಲು ಸಿಮೆಂಟು, ಒಂದೂವರೆ ಪಾಲು ಮರಳು, ಮೂರು ಪಾಲು ಜೆಲ್ಲಿ ಎಂಬ ಹದದಲ್ಲಿ ಘನ ಮೀಟರಿಗೆ ಸುಮಾರು 8 ಚೀಲದಂತೆ 57 ಚೀಲ ಸಿಮೆಂಟು ಬೇಕು. ಚೀಲಕ್ಕೆ 400 ರೂಪಾಯಿ ಎಂದು ಹಿಡಿದರೂ ಸಿಮೆಂಟೊಂದಕ್ಕೇ 22,800 ರೂಪಾಯಿ. ಅದರ ಮೇಲೆ ಎಂ-ಸ್ಯಾಂಡ್, ಜೆಲ್ಲಿ, ಕಬ್ಬಿಣ, ಸೆಂಟ್ರಿಂಗ್ ಬಾಡಿಗೆ, ಗೌಂಡಿಗಳ ಕೂಲಿ ಬೇರೆ. ಒಂದೊಂದು ರೂಪಾಯಿಗೂ ಚೌಕಾಸಿ ನಡೆಯುವ ಈ ಪಟ್ಟಿಯಲ್ಲಿ ಎರಡು ಸಂಗತಿಗಳು ಮಾತ್ರ ಸೇರುವುದಿಲ್ಲ. ಒಂದು ನೀರು, ಇನ್ನೊಂದು ಕಾಯುವ ದಿನಗಳು. ಅವುಗಳಿಗೆ ಯಾರೂ ಬಿಲ್ಲು ಕೊಡುವುದಿಲ್ಲ. ಆದರೆ ಬಿಲ್ಲು ಇಲ್ಲದ್ದಕ್ಕೆ ಬೆಲೆಯೂ ಇಲ್ಲವೇ? ಇದು ನೋಡುವುದಕ್ಕೆ ಲೆಕ್ಕದ ಪ್ರಶ್ನೆ. ನಿಜದಲ್ಲಿ ಧರ್ಮದ ಪ್ರಶ್ನೆ.

ಮೊದಲು ನೀರನ್ನೇ ತೆಗೆದುಕೊಳ್ಳೋಣ. ಸಿಮೆಂಟು ಗಟ್ಟಿಯಾಗಲು ತನ್ನ ತೂಕದ ಸುಮಾರು ಕಾಲು ಪಾಲು ನೀರನ್ನಷ್ಟೇ ಹಿಡಿದಿಟ್ಟುಕೊಳ್ಳುತ್ತದೆ. ಉಳಿದ ನೀರು ಬೇಕಾಗುವುದು ಮಾಲು ಕಬ್ಬಿಣದ ಸಂದಿಗಳಲ್ಲಿ ಸರಾಗವಾಗಿ ಕೂರಲಿ ಎಂದು. ಆಮೇಲೆ ಅದು ಆರಿಹೋಗುತ್ತದೆ, ತಾನಿದ್ದ ಜಾಗದಲ್ಲಿ ಸಣ್ಣ ಸಣ್ಣ ರಂಧ್ರಗಳನ್ನು ಬಿಟ್ಟು ಹೋಗುತ್ತದೆ. ನೀರು ಹೆಚ್ಚಿದಷ್ಟೂ ಕಾಂಕ್ರೀಟಿನ ಬಲ ಇಳಿಯುತ್ತದೆಂದು ಅಮೆರಿಕದ ಡಫ್ ಏಬ್ರಮ್ಸ್ 1918ರಲ್ಲೇ ಪ್ರಯೋಗಗಳಿಂದ ತೋರಿಸಿದ್ದ. ನಮ್ಮ ದೇಶದ ಐಎಸ್ 456 ಮಾನದಂಡವು ಈ ಹದದ ಮಿಶ್ರಣಕ್ಕೆ ಚೀಲಕ್ಕೆ 30 ಲೀಟರ್ ನೀರು ಎಂದು ಮಿತಿ ಹಾಕಿದೆ. ಮಾಲು ಗಟ್ಟಿಯಾಯಿತು, ಎಳೆಯಲು ಕಷ್ಟ ಎಂದು ಕಲಸುವ ಮಿಲ್ಲರಿಗೆ ಇನ್ನೊಂದು ಕೊಡ ನೀರು ಸುರಿದರೆ ಕೆಲಸ ಬೇಗ ಸಾಗುತ್ತದೆ, ಕಾಸೂ ಬೀಳುವುದಿಲ್ಲ. ಆದರೆ ದುಡ್ಡು ಕೊಟ್ಟು ತಂದ 57 ಚೀಲದ ಬಲದಲ್ಲಿ ಒಂದು ಪಾಲನ್ನು ಆ ಪುಕ್ಕಟೆ ಕೊಡವೇ ಕಿತ್ತುಕೊಂಡಿರುತ್ತದೆ. ಸ್ಲ್ಯಾಬು ಹಾಕಿದ ಮೇಲೆ ಉಣಿಸಬೇಕಾದ ನೀರಿನ ಕಥೆ ಇದಕ್ಕೆ ತಿರುಗುಮುರುಗು. ಒಣ ಬಿಸಿಲಿನ ಸೀಮೆಯಲ್ಲಿ ಕಾಂಕ್ರೀಟನ್ನು 10 ದಿನಕ್ಕೆ ಕಡಿಮೆಯಿಲ್ಲದಂತೆ ಹಸಿಯಾಗಿ ಇಡಬೇಕೆಂದು ಅದೇ ಮಾನದಂಡ ಹೇಳುತ್ತದೆ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಬಳ್ಳಾರಿಗೆ ಇದಕ್ಕಿಂತ ನೇರವಾಗಿ ಹೊಂದುವ ಮಾತಿಲ್ಲ. ಆದರೂ ಮೂರೋ ನಾಲ್ಕೋ ದಿನ ಪೈಪು ಹಿಡಿದು ಸುಮ್ಮನಾಗುವುದೇ ರೂಢಿ. ಬೇಡದ ಹೊತ್ತಿನಲ್ಲಿ ನೀರು ಧಾರಾಳ, ಬೇಕಾದ ಹೊತ್ತಿನಲ್ಲಿ ಜಿಪುಣತನ.

ಇದು ತಿಳಿವಳಿಕೆಯ ಕೊರತೆಯಲ್ಲ. ಅನುಭವಿ ಗೌಂಡಿಗಳೆಲ್ಲರಿಗೂ ಗೊತ್ತಿರುವುದೇ. ಹಾಗಿದ್ದರೂ ತಪ್ಪು ನಡೆಯುವುದು ಏಕೆಂದರೆ, ಪ್ಲಾಸ್ಟರ್ ಆದ ಮೇಲೆ ಅದು ಯಾರ ಕಣ್ಣಿಗೂ ಬೀಳುವುದಿಲ್ಲ. ಗುತ್ತಿಗೆದಾರ ಕಟ್ಟಿದ ಮನೆಯಲ್ಲಿ ಮೋಸ ಮಾಡಿದವನು ಒಬ್ಬ, ಮೋಸ ಹೋದವನು ಇನ್ನೊಬ್ಬ. ಸ್ವಂತವಾಗಿ ಕಟ್ಟಿಕೊಂಡ ಮನೆಯಲ್ಲಿ ಇಬ್ಬರೂ ಒಬ್ಬನೇ. ಸಾಕ್ಷಿಯಿಲ್ಲದ ಕಡೆ, ಕಾಸು ಬೀಳದ ವಸ್ತುವಿನ ವಿಷಯದಲ್ಲಿ, ಮನುಷ್ಯ ಯಾವ ಅಳತೆ ಹಿಡಿಯಬೇಕು? ಈ ಪ್ರಶ್ನೆಯನ್ನು ನಮ್ಮ ನಾಡಿನಲ್ಲಿ ಹನ್ನೆರಡನೇ ಶತಮಾನದಲ್ಲೇ ಎತ್ತಿದವಳು ಶರಣೆ ಆಯ್ದಕ್ಕಿ ಲಕ್ಕಮ್ಮ. ಗಂಡ ಮಾರಯ್ಯನ ಕಾಯಕ ನೆಲಕ್ಕೆ ಚೆಲ್ಲಿದ ಅಕ್ಕಿಯನ್ನು ಆಯುವುದು. ಒಂದು ದಿನ ಅವನು ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ ಅವಳು ಹೆಚ್ಚಾದುದನ್ನು ಅಲ್ಲಿಯೇ ಸುರಿದು ಬರುವಂತೆ ಹೇಳಿ ಕಳಿಸಿದಳೆಂಬುದು ಶರಣರ ಕಥೆಗಳಲ್ಲಿ ಪ್ರಸಿದ್ಧ. ಆ ಅಕ್ಕಿ ಕದ್ದದ್ದಲ್ಲ, ಕೊಂಡದ್ದೂ ಅಲ್ಲ. ಪುಕ್ಕಟೆ ಸಿಕ್ಕಿತೇ ಎಂದು ಅವಳು ನೋಡಲಿಲ್ಲ, ಬೇಕೇ ಎಂದು ನೋಡಿದಳು. ಪುಕ್ಕಟೆಯಾಗಿ ಸಿಗುವುದರ ಮುಂದೆಯೇ ಮನುಷ್ಯನ ನಿಯತ್ತು ಪರೀಕ್ಷೆಗೆ ಒಳಗಾಗುತ್ತದೆ ಎಂಬುದು ಅವಳ ನಡೆಯ ತಿರುಳು. ಮಿಲ್ಲರಿಗೆ ಸುರಿಯುವ ಕೊಡಕ್ಕೂ ಇದೇ ಅಳತೆ.

ಈ ಅಳತೆ ಎರಡೂ ಕಡೆಗೆ ಅನ್ವಯಿಸುತ್ತದೆ. ಗಟ್ಟಿಯಾಗಲಿ ಎಂದು ಚೀಲದ ಮೇಲೆ ಚೀಲ ಸುರಿಯುವವರೂ ಇದ್ದಾರೆ. ಸಿಮೆಂಟು ಅತಿಯಾದರೆ ಆರುವಾಗ ಕುಗ್ಗುವುದೂ ಹೆಚ್ಚು, ಬಿರುಕೂ ಹೆಚ್ಚು. ಅದಕ್ಕೇ ಮಾನದಂಡವು ಕೆಳಗಿನ ಮಿತಿಯ ಜೊತೆಗೆ ಘನ ಮೀಟರಿಗೆ 450 ಕಿಲೋ ಎಂಬ ಮೇಲಿನ ಮಿತಿಯನ್ನೂ ಇಟ್ಟಿದೆ. ಎಷ್ಟು ಸಾಕು ಎಂಬುದು ನೆಲವನ್ನೂ ಅವಲಂಬಿಸಿದೆ. ಕುರುಗೋಡಿನ ಗುಡ್ಡಗಳ ಬುಡದಲ್ಲಿ ತುಸು ಅಗೆದರೆ ಬಂಡೆ ಸಿಗುತ್ತದೆ. ಸಿರುಗುಪ್ಪದ ಎರೆಭೂಮಿ ಮಳೆಗೆ ಉಬ್ಬಿ ಬಿಸಿಲಿಗೆ ಬಾಯಿ ಬಿಡುತ್ತದೆ. ಅಲ್ಲಿ ಹಣ ಮೊದಲು ಹೋಗಬೇಕಾದದ್ದು ಪಾಯಕ್ಕೆ, ನೆಂಟರು ನೋಡಿ ಮೆಚ್ಚುವ ಎಲಿವೇಶನ್ನಿಗಲ್ಲ. ಇಲ್ಲಿಯೂ ಪ್ರಶ್ನೆ ಅದೇ: ಮಣ್ಣಿನಡಿ ಹೂತುಹೋಗುವುದಕ್ಕೆ, ಯಾರೂ ಹೊಗಳದಿರುವುದಕ್ಕೆ, ಮನಸ್ಸು ಬಿಚ್ಚಿ ಖರ್ಚು ಮಾಡಬಲ್ಲೆವೇ?

ಇದಕ್ಕೆ ಆಕ್ಷೇಪಗಳಿವೆ. ಇದು ಎಂಜಿನಿಯರುಗಳ ವಿಷಯ, ಶರಣರನ್ನು ಏಕೆ ಎಳೆದು ತರುತ್ತೀರಿ ಎನ್ನಬಹುದು. ಎಷ್ಟು ಲೀಟರ್ ಎಂಬುದನ್ನು ಎಂಜಿನಿಯರಿಂಗ್ ಹೇಳುತ್ತದೆ ನಿಜ. ಯಾರೂ ಅಳೆಯದಿರುವಾಗಲೂ ಅಷ್ಟನ್ನೇ ಏಕೆ ಹಾಕಬೇಕು ಎಂಬುದಕ್ಕೆ ಅದರಲ್ಲಿ ಉತ್ತರವಿಲ್ಲ. ಇನ್ನು ಕೆಲವರು ಕಾಂಕ್ರೀಟಿನ ಗೊಡವೆಯೇ ಬೇಡ, ಈ ಸೀಮೆಯ ಹಳೆಯ ಮಣ್ಣಿನ ಮಾಳಿಗೆ ಮನೆಗಳೇ ತಂಪಾಗಿ ಚೆನ್ನಾಗಿದ್ದವು ಎನ್ನುತ್ತಾರೆ. ತಂಪಾಗಿದ್ದವು, ಹೌದು, ಆದರೆ ಮಳೆಗಾಲಕ್ಕೆ ಮುಂಚೆ ಮಾಳಿಗೆಗೆ ಮಣ್ಣು ಹಾಕುವ ದುಡಿಮೆಯನ್ನು ಅವೂ ಕೇಳುತ್ತಿದ್ದವು. ವಸ್ತು ಯಾವುದೇ ಇರಲಿ, ಆರೈಕೆ ಕೇಳುವುದನ್ನು ಅದು ಬಿಡುವುದಿಲ್ಲ.

ಮೂರನೆಯ ಆಕ್ಷೇಪ ಇವೆರಡಕ್ಕಿಂತ ಭಾರವಾದದ್ದು. ಬಳ್ಳಾರಿಯ ಜೀನ್ಸ್ ಘಟಕದಲ್ಲಿ ಹೊಲಿಯುವವನಿಗೋ ಸಿರುಗುಪ್ಪದ ಗದ್ದೆಯಲ್ಲಿ ನಾಟಿ ಮಾಡುವವಳಿಗೋ ಹತ್ತು ದಿನ ಸ್ಲ್ಯಾಬು ಕಾಯುವುದೆಂದರೆ ಕೂಲಿ ಕಳೆದುಕೊಂಡಂತೆ. ಕಾಲುವೆಗೆ ನೀರು ನಿಂತ ತಿಂಗಳುಗಳಲ್ಲಿ ಕುಡಿಯುವ ನೀರಿಗೇ ಪರದಾಟ. ಅಂಥವರಿಗೆ ನೀತಿ ಹೇಳುವುದು ಸುಲಭ ಎಂಬ ಮಾತನ್ನು ತಳ್ಳಿಹಾಕಲಾಗದು. ಆದರೆ ಈ ಆಕ್ಷೇಪ ನನ್ನ ವಾದವನ್ನು ಬೀಳಿಸುವುದಿಲ್ಲ, ಗಟ್ಟಿ ಮಾಡುತ್ತದೆ. ನೀರಿಗೂ ದಿನಕ್ಕೂ ಬೆಲೆಯಿದೆ ಎಂದು ಬಡವರ ಬದುಕೇ ಸಾರುತ್ತಿದೆ. ಅದನ್ನು ಲೆಕ್ಕದಿಂದ ಹೊರಗಿಟ್ಟದ್ದೇ ತಪ್ಪು. ಸ್ಲ್ಯಾಬಿನ ಮೇಲೆ ಕಟ್ಟೆ ಕಟ್ಟಿ ನೀರು ನಿಲ್ಲಿಸಿದರೆ ದಿನವಿಡೀ ಪೈಪು ಹಿಡಿಯಬೇಕಿಲ್ಲ, ನೀರೂ ಉಳಿಯುತ್ತದೆ. ಕೆಲಸಕ್ಕೆ ಹೋದವರ ಮನೆಯ ಕಟ್ಟೆಗೆ ನೆರೆಯವರು ಹೊತ್ತಿಗೆ ನೀರು ತುಂಬಿದರೆ ಅದೂ ದಾಸೋಹವೇ. ಬಸವಣ್ಣನ ಹೆಸರಿನಲ್ಲೇ ವಸತಿ ಯೋಜನೆ ನಡೆಸುವ ಸರ್ಕಾರ ಛಾವಣಿಯ ಕಂತಿನಲ್ಲಿ ಈ ಹತ್ತು ದಿನದ ಕೂಲಿಯನ್ನೂ ಸೇರಿಸಿದರೆ ಅದು ಉಪಕಾರವಲ್ಲ, ಸರಿಯಾದ ಲೆಕ್ಕ.

ಆಷಾಢ ಹಿಡಿಯುವ ಮುಂಚೆ ಗೃಹಪ್ರವೇಶ ಮುಗಿಯಲಿ ಎಂಬ ಅವಸರಕ್ಕೇ ಈ ದಿನಗಳು ಹೆಚ್ಚಾಗಿ ಬಲಿಯಾಗುತ್ತವೆ. ಪಂಚಾಂಗ ನೋಡಿಸುವ ಮೊದಲು ಸ್ಲ್ಯಾಬು ಹಾಕಿ ಎಷ್ಟು ದಿನವಾಯಿತೆಂದು ನೋಡಿ. ಹತ್ತು ದಿನ ನೀರುಣ್ಣದ ಛಾವಣಿಯ ಕೆಳಗೆ ಯಾವ ಮುಹೂರ್ತವೂ ಶುಭವಲ್ಲ.