ಅಗ್ಗದ ಸರಕು ಮತ್ತು ಅಚೌರ್ಯವ್ರತ



ಅಷ್ಟಮಿ, ಚತುರ್ದಶಿಗಳಂದು ಪ್ರೋಷಧೋಪವಾಸವನ್ನು ಕೈಗೊಂಡ ಶ್ರಾವಕನು ಆಹಾರದೊಡನೆ ವ್ಯಾಪಾರಾದಿ ಆರಂಭಗಳನ್ನೂ ತ್ಯಜಿಸುತ್ತಾನೆ. ಪಾರಣೆ ಮುಗಿಸಿ ಮತ್ತೆ ಅಂಗಡಿಯ ಬಾಗಿಲು ತೆರೆದಾಗ ಅವನ ವ್ರತದ ಪರೀಕ್ಷೆ ಮೊದಲಾಗುತ್ತದೆ.

ಒಬ್ಬ ಪಾತ್ರೆಯ ವ್ಯಾಪಾರಿಯನ್ನು ಭಾವಿಸಿಕೊಳ್ಳೋಣ. ಅಪರಿಚಿತನೊಬ್ಬನು ಹಿತ್ತಾಳೆಯ ಕೊಡ, ದೀಪಗಳನ್ನು ಗಂಟುಕಟ್ಟಿ ತಂದು, ಅರ್ಧ ಬೆಲೆಗೆ ಕೊಡುವೆನೆನ್ನುತ್ತಾನೆ. ವ್ಯಾಪಾರಿಯ ಮನಸ್ಸು ಹೇಳುತ್ತದೆ: “ನಾನೇನೂ ಕದ್ದಿಲ್ಲ, ಹಣ ತೆತ್ತು ಕೊಳ್ಳುತ್ತೇನೆ. ನಾನು ಬಿಟ್ಟರೆ ಎದುರಂಗಡಿಯವನು ಕೊಳ್ಳುತ್ತಾನೆ.”

ಇಂತಹ ಸಮಾಧಾನಕ್ಕೆ ಶಾಸ್ತ್ರದಲ್ಲಿ ಅವಕಾಶವಿಲ್ಲ. ತತ್ತ್ವಾರ್ಥಸೂತ್ರದ 7ನೆಯ ಅಧ್ಯಾಯವು ಅಚೌರ್ಯಾಣುವ್ರತಕ್ಕೆ 5 ಅತಿಚಾರಗಳನ್ನು ಹೇಳುತ್ತದೆ. ಕಳವಿಗೆ ಪ್ರೇರಣೆ ಕೊಡುವುದು, ಕಳವಿನ ವಸ್ತುವನ್ನು ಪಡೆಯುವುದು, ರಾಜ್ಯದ ಕಟ್ಟಳೆಯನ್ನು ಮೀರುವುದು, ತೂಕ ಅಳತೆಗಳಲ್ಲಿ ವಂಚಿಸುವುದು, ಕಲಬೆರಕೆ ಮಾಡುವುದು. ಸ್ವತಃ ಕದಿಯುವುದು ಈ ಪಟ್ಟಿಯಲ್ಲಿಲ್ಲ. ಅದು ವ್ರತಭಂಗವೇ ಸರಿ. ಈ ಐದೂ ‘ನಾನು ಕದ್ದಿಲ್ಲ’ ಎಂದು ನೆಮ್ಮದಿಯಿಂದಿರುವವನಿಗಾಗಿಯೇ ಹೇಳಿದವು.

ಹಾಗಾದರೆ ಬಂದವನನ್ನು ಕಳ್ಳನೆಂದು ಗದರಿಸಿ ಅಟ್ಟಬೇಕೆ? ಅದೂ ಸಲ್ಲದು. ಅವನು ಮಗಳ ಮದುವೆಗೋ ಮನೆಯವರ ಔಷಧಕ್ಕೋ ತನ್ನ ಮನೆಯ ಪಾತ್ರೆಗಳನ್ನೇ ಮಾರಲು ಬಂದ ಗೃಹಸ್ಥನಾಗಿರಬಹುದು. ನಿರಪರಾಧಿಯ ಮೇಲೆ ಕಳ್ಳತನವನ್ನು ಹೊರಿಸುವ ಮಾತು ಹಿಂಸೆಯೇ. ಆದುದರಿಂದ ವಿನಯದಿಂದ ಕೇಳಬೇಕು: “ಇವು ಯಾರವು, ಅಪ್ಪಾ? ಏಕೆ ಮಾರುತ್ತಿದ್ದೀರಿ?” ಉತ್ತರವು ಸಂಶಯವನ್ನು ಕಳೆಯದಿದ್ದರೆ ಕೊಳ್ಳದೆ ಬಿಡಬೇಕು. ಕಳೆದರೆ ಕೊಳ್ಳಬಹುದು, ಆದರೆ ನ್ಯಾಯವಾದ ಬೆಲೆಗೆ. ಕಷ್ಟದಲ್ಲಿರುವವನಿಂದ ಅರ್ಧ ಬೆಲೆಗೆ ಪಡೆದು ಲಾಭವೆಂದು ಹಿಗ್ಗುವುದು ಶ್ರಾವಕನಿಗೆ ಶೋಭಿಸದು.

ಇಲ್ಲಿ ನಾವು ತೂಗಿ ನೋಡಬೇಕಾದುದು ಮಾರುವವನಿಗಿಂತ ಮೊದಲು ನಮ್ಮ ಪರಿಣಾಮವನ್ನು. ಕೇಳಬೇಕಾದ ಪ್ರಶ್ನೆಯನ್ನು ನಾವು ಏಕೆ ಕೇಳಲಿಲ್ಲ? ಉತ್ತರ ಬಂದರೆ ಲಾಭ ತಪ್ಪೀತೆಂಬ ಭಯದಿಂದಲೇ? ಹಾಗಿದ್ದರೆ ತೀರ್ಪು ಕೊಟ್ಟುದು ವಿವೇಕವಲ್ಲ, ಲೋಭಕಷಾಯ. ಪ್ರಮಾದದಿಂದ ಕೂಡಿದ ಯೋಗವೇ ಪಾಪಕ್ಕೆ ಮೂಲವೆಂಬುದನ್ನು ಮರೆಯಲಾಗದು.

ಕಾಲುವೆಯನ್ನು ಕಟ್ಟದೆ ಕೆರೆಯ ನೀರನ್ನು ಎಷ್ಟು ಮೊಗೆದು ಚೆಲ್ಲಿದರೂ ಕೆರೆ ಬತ್ತುವುದಿಲ್ಲ. ಆಸ್ರವವನ್ನು ತಡೆಯದೆ ಉಪವಾಸದಿಂದ ನಿರ್ಜರೆಯನ್ನು ಬಯಸುವುದೂ ಹಾಗೆಯೇ. ಮುಂದಿನ ಚತುರ್ದಶಿಯಂದು ಪ್ರತಿಕ್ರಮಣಕ್ಕೆ ಕುಳಿತಾಗ, ಆ ಪಕ್ಷದಲ್ಲಿ ತಿನ್ನದೆ ಬಿಟ್ಟುದನ್ನು ಎಣಿಸುವುದರ ಜೊತೆಗೆ, ಕೇಳದೆ ಬಿಟ್ಟ ಪ್ರಶ್ನೆಗಳನ್ನೂ ಎಣಿಸೋಣ. ಆಗ ನಮ್ಮ ವ್ರತವು ಬಸದಿಯಿಂದ ಅಂಗಡಿಯವರೆಗೂ ನಮ್ಮೊಡನೆ ನಡೆದುಬಂದೀತು.